ದೇಶನೂರಿನಿಂದ ಲಿಸ್ಬನ್ನಿಗೆ ಎಷ್ಟು ದೂರ?

"ಕತೆ ಪುಸ್ತಕ ಓದಿದರೆ ಏನ್ ಬರ್ತೈತಪ್ಪಾ? ಅದೂ ಕನ್ನಡದ್ದು!"

ಮಕ್ಕಳು ಹತ್ತನೇ ತರಗತಿ ದಾಟಿದ ಮನೆಗಳಲ್ಲಿ ಈ ಮಾತು ಒಮ್ಮೆಯಾದರೂ ಕೇಳಿಬರುತ್ತದೆ. ಹೇಳುವ ತಂದೆಯದೇ ತಪ್ಪೆಂದು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಎರಡೆಕರೆ ನೆಲ್ಲಿನ ಗದ್ದೆಯನ್ನು ನಂಬಿಕೊಂಡು ಮಗಳನ್ನು ಬಳ್ಳಾರಿಯ ಹಾಸ್ಟೆಲಿಗೆ ಸೇರಿಸಿದವರ ಲೆಕ್ಕಾಚಾರವೇ ಬೇರೆ. ಅವರ ಕಣ್ಣಿಗೆ ಪ್ರಪಂಚ ಇರುವುದು ಇಂಗ್ಲಿಷಿನಲ್ಲಿ; ಕನ್ನಡದಲ್ಲಿ ಇರುವುದು ಬರೀ ಊರು. ಪ್ರಪಂಚ ಬೇಕೆಂದರೆ ಊರಿನ ಕೈ ಬಿಡಬೇಕು. ಮಕ್ಕಳೂ ಇದನ್ನು ನಂಬಿಬಿಡುತ್ತಾರೆ. ಯಾವ ಊರು ಎಂದು ಯಾರಾದರೂ ಕೇಳಿದರೆ ಹಳ್ಳಿಯ ಹೆಸರು ನುಂಗಿಕೊಂಡು "ಬಳ್ಳಾರಿ ಹತ್ತಿರ" ಎನ್ನುವುದನ್ನು ಕಲಿಯುತ್ತಾರೆ.

ಈ ಲೆಕ್ಕ ಸರಿಯೇ ಎಂದು ನೋಡಲು ಸಿರುಗುಪ್ಪ ತಾಲೂಕಿನ ದೇಶನೂರನ್ನೇ ತೆಗೆದುಕೊಳ್ಳಬಹುದು. ತುಂಗಭದ್ರೆಯ ನೀರುಂಡು ನೆಲ್ಲು ಬೆಳೆಯುವ ಸೀಮೆ ಇದು. ವಿಜಯನಗರದ ಅರಸರ ಕಾಲದವೆಂದು ಗುರುತಿಸಲಾದ ಕಾಲುವೆಗಳ ಪಟ್ಟಿಯಲ್ಲಿ ರಾಯ, ಬಸವಣ್ಣ, ತುರ್ತಾ, ಕಂಪ್ಲಿ, ಸಿರುಗುಪ್ಪ ಕಾಲುವೆಗಳ ಜತೆಗೆ ದೇಶನೂರು ಕಾಲುವೆಯ ಹೆಸರೂ ಇದೆ. ನದಿಗೆ ಅಡ್ಡಲಾಗಿ ಕಲ್ಲಿನ ಆಣೆಕಟ್ಟೆ ಹಾಕಿ ನೀರು ತಿರುಗಿಸಿದ ಆ ವ್ಯವಸ್ಥೆಯ ಒಂದು ಎಳೆ ಇಲ್ಲಿನ ಗದ್ದೆಗಳವರೆಗೂ ಬಂದಿದೆ.

ಅದೇ ಅರಸರ ರಾಜಧಾನಿ ಹಂಪೆ ಇದೇ ಹೊಳೆಯ ಮೇಲ್ಭಾಗದಲ್ಲಿದೆ. 1520ರ ಸುಮಾರಿಗೆ ಅಲ್ಲಿಗೆ ಪೋರ್ಚುಗಲ್ಲಿನ ದೊಮಿಂಗೊ ಪಾಯಸ್ ಬಂದ. ಒಂದೂವರೆ ದಶಕದ ನಂತರ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬಂದ. ಇಬ್ಬರೂ ಕಂಡದ್ದನ್ನು, ಕೇಳಿದ್ದನ್ನು ತಮ್ಮ ಭಾಷೆಯಲ್ಲಿ ಬರೆದಿಟ್ಟರು. ಕೃಷ್ಣದೇವರಾಯ ತನ್ನ ಹೊಸ ಪಟ್ಟಣಕ್ಕೆ ದೊಡ್ಡ ಕೆರೆ ಕಟ್ಟಿಸುವಾಗ ಗೋವೆಯ ಪೋರ್ಚುಗೀಸ್ ಗವರ್ನರನಿಗೆ ಹೇಳಿಕಳಿಸಿ ಕಲ್ಲುಕೆಲಸ ಬಲ್ಲವರನ್ನು ತರಿಸಿಕೊಂಡನೆಂದೂ, ಅವರಲ್ಲೊಬ್ಬನ ಹೆಸರು ಜೊವಾವ್ ದೆ ಲಾ ಪೊಂತೆ ಎಂದೂ ನೂನಿಜ್ ದಾಖಲಿಸಿದ್ದಾನೆ. ಎಂದರೆ ನಮ್ಮ ಸೀಮೆಯ ಕೆರೆಯ ಏರಿಗೆ ಲಿಸ್ಬನ್ ಕಡೆಯವರ ಕೈಯೂ ತಾಗಿತ್ತು.

ಈ ಬರಹಗಳ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯವೊಂದರಲ್ಲಿ ಬಹುಕಾಲ ಉಳಿದಿತ್ತು. 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಹಂಪೆಯ ಮಹಾನವಮಿಯ ವೈಭವವೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿವರಗಳಲ್ಲಿ ಅನೇಕವು ಇಷ್ಟು ದೇಶ ಸುತ್ತಿಕೊಂಡು ನಮ್ಮ ಪಠ್ಯಪುಸ್ತಕಕ್ಕೆ ಬಂದವು.

ಈ ಹಾದಿ ಬಲ್ಲವರಿಗೆ 2019ರಲ್ಲಿ ಪ್ರಕಟವಾದ 'ತೇಜೋ ತುಂಗಭದ್ರಾ' ಕಾದಂಬರಿ ಆಕಸ್ಮಿಕವೆನಿಸುವುದಿಲ್ಲ. ಅದನ್ನು ಬರೆದ ವಸುಧೇಂದ್ರ ಇದೇ ಜಿಲ್ಲೆಯ ಸಂಡೂರಿನವರು. 1969ರಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು. ತೇಜೋ ಎಂದರೆ ಲಿಸ್ಬನ್ನಿನ ಪಕ್ಕದಲ್ಲಿ ಹರಿದು ಸಮುದ್ರ ಸೇರುವ ನದಿ. ಅದರ ದಂಡೆಯಲ್ಲಿ ಗೇಬ್ರಿಯಲ್ ಎಂಬ ತರುಣ, ಬೆಲ್ಲಾ ಎಂಬ ಯಹೂದಿ ಹುಡುಗಿ. ತುಂಗಭದ್ರೆಯ ದಂಡೆಯ ತೆಂಬಕಪುರದಲ್ಲಿ ಹಂಪಮ್ಮ, ಕೇಶವ. ಮೆಚ್ಚಿದವಳನ್ನು ಪಡೆಯಲು ಹಣ ಬೇಕೆಂದು ಗೇಬ್ರಿಯಲ್ ಇಂಡಿಯಾಕ್ಕೆ ಹೊರಟ ಹಡಗು ಹತ್ತುತ್ತಾನೆ. ಎರಡು ಹೊಳೆಗಳ ಕತೆ ಅಲ್ಲಿಂದ ಒಂದಾಗತೊಡಗುತ್ತದೆ.

ಲಿಸ್ಬನ್ ಬಂತೆಂಬ ಕಾರಣಕ್ಕೇ ಇದನ್ನು ವಿಶ್ವಮಟ್ಟದ ಕಾದಂಬರಿ ಎನ್ನಬೇಕಿಲ್ಲ. ಪರದೇಶದ ಹೆಸರುಗಳನ್ನು ಪೋಣಿಸುವುದು ಕಷ್ಟದ ಕೆಲಸವೂ ಅಲ್ಲ. ಇಲ್ಲಿನ ಹೆಚ್ಚುಗಾರಿಕೆ ಬೇರೆ. 1492ರಲ್ಲಿ ಸ್ಪೇನ್ ಯಹೂದಿಗಳನ್ನು ಹೊರಹಾಕಿತು. ಕೆಲವೇ ವರ್ಷಗಳಲ್ಲಿ ಪೋರ್ಚುಗಲ್ಲೂ ಅವರನ್ನು ಬಲವಂತವಾಗಿ ಮತಾಂತರಿಸಿತು. 1506ರಲ್ಲಿ ಲಿಸ್ಬನ್ನಿನ ಬೀದಿಗಳಲ್ಲಿ ಹಾಗೆ ಮತಾಂತರಗೊಂಡವರ ಕಗ್ಗೊಲೆಯೇ ನಡೆಯಿತು. ಇದು ಇತಿಹಾಸ. ಆ ಕಾಲದ ಕ್ರೌರ್ಯವನ್ನು ಕಾದಂಬರಿ ಮುಚ್ಚಿಡದೆ ತೋರಿಸುತ್ತದೆ, ಸರಿ. ಆದರೆ ಆ ದಂಡೆಯನ್ನು ಕತ್ತಲೆಗೆ ತಳ್ಳಿ ಈ ದಂಡೆಯನ್ನು ಚಿನ್ನ ಅಳೆಯುವ ಸ್ವರ್ಗವನ್ನಾಗಿ ಮಾಡುವುದಿಲ್ಲ. ಇಲ್ಲೂ ಸತಿಯ ಚಿತೆ ಉರಿಯುತ್ತದೆ, ಒಡೆಯನಿಗಾಗಿ ತಲೆ ಒಪ್ಪಿಸುವ ಲೆಂಕನ ಪ್ರತಿಜ್ಞೆ ಇದೆ. ತನ್ನ ಜಿಲ್ಲೆಯ ವೈಭವದ ಕಾಲವನ್ನು ಒಬ್ಬ ಲೇಖಕ ಹೀಗೆ ನೋಡಬಲ್ಲನೆಂದರೆ ಅದಕ್ಕೆ ಎದೆಗಾರಿಕೆ ಬೇಕು. ಪರರ ನೋವನ್ನು ತನ್ನದೆಂದೂ, ತನ್ನವರ ತಪ್ಪನ್ನು ತಪ್ಪೆಂದೂ ಕಾಣುವ ಈ ಕಣ್ಣನ್ನೇ ವಿಶ್ವಪ್ರಜ್ಞೆ ಎನ್ನಬಹುದು ಎಂದು ನನ್ನ ಅನಿಸಿಕೆ. ಕುವೆಂಪು ಅವರ ವಿಶ್ವಮಾನವ ಕಲ್ಪನೆ ನಮ್ಮ ಮಕ್ಕಳಿಗೆ ಭಾಷಣ ಸ್ಪರ್ಧೆಯ ವಿಷಯವಾಗಿ ಗೊತ್ತು. ಕಾದಂಬರಿಯಲ್ಲಿ ಅದು ಹೀಗೆ ಹೆಣಗಾಡಿಕೊಂಡು ಬರುತ್ತದೆ.

ನಡುವೆ ಒಂದು ಮಾತು. ಬಳ್ಳಾರಿಯ ಸಂಜೆಗಳಲ್ಲಿ ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ತಿನ್ನುವಾಗ ನೆನಪಿಡಬೇಕಾದದ್ದು: ಮೆಣಸಿನಕಾಯಿ ನಮ್ಮದಲ್ಲ. ಅಮೆರಿಕ ಖಂಡದ ಆ ಗಿಡವನ್ನು ಈ ಕಡೆಗೆ ತಂದವರೂ ಪೋರ್ಚುಗೀಸರೇ. ಅದಕ್ಕೂ ಮುಂಚೆ ನಮಗಿದ್ದ ಖಾರ ಕರಿಮೆಣಸಿನದು. ಬಂದ ಹೊಸ ಕಾಯಿಗೆ ಹಳೆಯ ಹೆಸರನ್ನೇ ತೊಡಿಸಿ ಮನೆಯ ಮಗುವನ್ನಾಗಿ ಮಾಡಿಕೊಂಡೆವು. ಇಂದು ಮಿರ್ಚಿ ಇಲ್ಲದ ಬಳ್ಳಾರಿಯನ್ನು ಊಹಿಸಿಕೊಳ್ಳಲು ಸಾಧ್ಯವೆ?

ಕನ್ನಡ ಕತೆಗಾರರೂ ಹೀಗೆಯೇ. 1965ರಲ್ಲಿ ಬಂದ ಯು.ಆರ್. ಅನಂತಮೂರ್ತಿ ಅವರ 'ಸಂಸ್ಕಾರ'ಕ್ಕಿಂತ ಹೆಚ್ಚು 'ಹಳ್ಳಿಯ' ಕಾದಂಬರಿ ಸಿಗುವುದು ಕಷ್ಟ. ಒಂದು ಅಗ್ರಹಾರ, ಒಂದು ಹೆಣ, ಸಂಸ್ಕಾರ ಮಾಡುವವರು ಯಾರೆಂಬ ಪ್ರಶ್ನೆ. ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನೆಗೆಂದು ಹೋಗಿದ್ದಾಗ. ಸ್ವೀಡನ್ನಿನ ಬರ್ಗ್‌ಮನ್ ನಿರ್ದೇಶಿಸಿದ 'ಸೆವೆಂತ್ ಸೀಲ್' ಚಿತ್ರ ನೋಡಿದ್ದು ಅದಕ್ಕೆ ಪ್ರೇರಣೆ ಎಂದು ಲೇಖಕರೇ ಹೇಳಿಕೊಂಡಿದ್ದರು. ಸ್ವೀಡನ್ನಿನ ಪ್ಲೇಗು ನೋಡಿ ಮಲೆನಾಡಿನ ಪ್ಲೇಗು ನೆನಪಾಯಿತು! ಶಿಕಾಗೋದಲ್ಲಿ ಪಾಠ ಮಾಡುತ್ತಿದ್ದ ಎ.ಕೆ. ರಾಮಾನುಜನ್ 1976ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದರು.

ಇದಕ್ಕೆ ವಿರುದ್ಧವಾದ ಮಾದರಿಯೂ ನಮ್ಮಲ್ಲಿ ಧಾರಾಳವಾಗಿದೆ. ವಿಮಾನ ನಿಲ್ದಾಣದಲ್ಲಿ ಶುರುವಾಗಿ ಕಾಫಿ ಬ್ರ್ಯಾಂಡಿನ ಹೆಸರು ಹೇಳಿ ಹಿಮ ಬೀಳುವ ಕಿಟಕಿಯ ಪಕ್ಕ ಮುಗಿಯುವ ಕತೆಗಳು. ನಾಯಕನ ಪಾಸ್‌ಪೋರ್ಟಿನಲ್ಲಿ ಮುದ್ರೆಗಳಿವೆ, ಮನಸ್ಸಿನಲ್ಲಿ ಒಂದೂ ಇಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ ವಿದೇಶದ ಸುಳಿವೇ ಕಡಿಮೆ: ಬೆಂಗಳೂರಿನ ಒಂದು ಕುಟುಂಬ, ಮಸಾಲೆ ಪುಡಿಯ ವ್ಯಾಪಾರ, ದಿಢೀರನೆ ಬಂದ ದುಡ್ಡು. ಹೆಸರು ಕೂಡ ಯಾವ ನಿಘಂಟಿನಲ್ಲೂ ಇಲ್ಲದ, ಒಂದು ಮನೆಯವರು ಕಟ್ಟಿಕೊಂಡ ಪದ. ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದ ಮೇಲೆ ಕನ್ನಡದ ಗಂಧವಿಲ್ಲದವರೂ ಅದರಲ್ಲಿ ತಮ್ಮ ಮನೆಯ ಜಗಳ ಗುರುತಿಸಿದರು.

ತಂದೆತಾಯಿಗಳು ವಿಶೇಷವಾಗಿ ಗಮನಿಸಬೇಕಾದ ಕತೆ ಹಾಸನದ ಬಾನು ಮುಷ್ತಾಕ್ ಅವರದು. ಉರ್ದು ಮಾತಿನ ಮನೆಯ ಹುಡುಗಿಯನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಯೊಂದಕ್ಕೆ ಸೇರಿಸಿಕೊಳ್ಳುವಾಗ ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಕೆಲವೇ ದಿನಗಳಲ್ಲಿ ಆಕೆ ಬರೆಯತೊಡಗಿದರು. 2025ರ ಮೇ 20ರಂದು ಲಂಡನ್ನಿನಲ್ಲಿ ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾಯಿತು. ಕನ್ನಡಕ್ಕೆ ಅದು ಮೊದಲನೆಯದು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದೂ ಮೊದಲು. ಬಹುಮಾನದ 50,000 ಪೌಂಡುಗಳನ್ನು ಲೇಖಕಿಗೂ ಅನುವಾದಕಿ, ಮಡಿಕೇರಿಯ ದೀಪಾ ಭಾಸ್ತಿಗೂ ಸಮನಾಗಿ ಹಂಚಲಾಯಿತು. ಕನ್ನಡ, ಉರ್ದು, ಅರೇಬಿಕ್ ಮಾತುಗಳನ್ನು ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ ಇಂಗ್ಲಿಷಿನ ನಡುವೆ ಕೂರಿಸಿದರು ದೀಪಾ. ಓದುವವರೇ ಸ್ವಲ್ಪ ಹತ್ತಿರ ಬರಲಿ ಎಂಬ ಧೋರಣೆ.

ಪ್ರಶಸ್ತಿ ಬಂದ ಮೇಲೆ ಪುಸ್ತಕದಂಗಡಿಗೆ ಓಡುವ ನಮ್ಮ ಚಾಳಿ ಹೊಗಳುವಂಥದ್ದಲ್ಲ. ಆ ಕತೆಗಳು ಮೂರು ದಶಕಗಳಿಂದ ಕನ್ನಡದಲ್ಲೇ ಇದ್ದವು. ಅದಿರಲಿ, ಹಾಸ್ಟೆಲಿನ ಫೀಸು ಕಟ್ಟುವ ತಂದೆಗೆ ಇಲ್ಲೊಂದು ಲೆಕ್ಕ ಸಿಗುತ್ತದೆ. ಅನುವಾದಕ್ಕೆ ಎರಡೂ ಭಾಷೆ ಬೇಕು. ಇಂಗ್ಲಿಷ್ ಕಲಿಯುವುದರಲ್ಲಿ ಕನ್ನಡ ಮರೆತ ಮಗಳಿಗೆ ಆ ಕೆಲಸ ಸಿಗುವುದಿಲ್ಲ; ಕನ್ನಡವೊಂದೇ ಸಾಕೆಂದು ಕುಳಿತವಳಿಗೂ ಇಲ್ಲ.

ಸಿರುಗುಪ್ಪದ ಮಕ್ಕಳಿಗೆ ಎರಡಲ್ಲ, ಮೂರು ಭಾಷೆ ಬೀದಿಯಲ್ಲೇ ಸಿಗುತ್ತವೆ. 1953ರ ಅಕ್ಟೋಬರ್ 1ರಂದು ಮದರಾಸಿನ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ, ಬಳ್ಳಾರಿ ಮೈಸೂರಿಗೆ ಬಂದವು. ಗಡಿ ನಕ್ಷೆಯ ಮೇಲೆ ಬಿತ್ತೇ ವಿನಾ ನಾಲಿಗೆಯ ಮೇಲೆ ಬೀಳಲಿಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪ ಆಂಧ್ರದ ಹಳ್ಳಿಯಲ್ಲಿ ಮೇಷ್ಟರಾಗಿದ್ದುಕೊಂಡೇ ಕನ್ನಡ ಕತೆ ಬರೆದವರು. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಅರಮನೆ'ಯಲ್ಲಿ ಈ ಸೀಮೆಯ ಜನರ ನಡುವೆ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಓಡಾಡುತ್ತಾನೆ. ಅಂಗಡಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಗೆಳೆಯನ ಮನೆಯಲ್ಲಿ ಉರ್ದು ಎಂದು ಯೋಚಿಸದೆಯೇ ನಾಲಿಗೆ ಹೊರಳಿಸುವ ಹುಡುಗನಿಗೆ ಇದು ಓದಿ ತಿಳಿಯಬೇಕಾದ ಸಂಗತಿಯಲ್ಲ. ಆದರೆ ಅದು ಸಾಮರ್ಥ್ಯವೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಯಾವ ಅಂಕಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ.

ರಜೆಗೆ ಊರಿಗೆ ಬಂದ ಮಗಳ ಚೀಲದಲ್ಲಿ ಪಠ್ಯದ ಜತೆ 'ತೇಜೋ ತುಂಗಭದ್ರಾ' ಕಂಡರೆ, ಬೈಯುವ ಮುನ್ನ ಅಪ್ಪ ಅವಳಿಂದಲೇ ಹತ್ತು ಪುಟ ಓದಿಸಿ ಕೇಳಬಹುದು. ಲಿಸ್ಬನ್ನಿನ ಪುಟಗಳಲ್ಲಿ ಅವರು ಸುಮ್ಮನೆ ಕೂರಬೇಕಾದೀತು. ಹೊಳೆ ತುಂಗಭದ್ರೆಗೆ ತಿರುಗಿದಾಗ, ಆ ಕಾಲುವೆಯಿಂದಲೇ ವರುಷಾನುಗಟ್ಟಲೆ ಗದ್ದೆಗೆ ನೀರು ಕಟ್ಟಿದವರಿಗೆ ಮಗಳನ್ನು ತಡೆದು ಹೇಳುವ ಮಾತು ಇದ್ದೇ ಇರುತ್ತದೆ.