ಸರ್ಜನ್ ತಯಾರಾಗುವ ಮೂರು ವರ್ಷ

ನೀಟ್-ಪಿಜಿ ಬರೆದು ಎಂಎಸ್ ಜನರಲ್ ಸರ್ಜರಿ ಸೀಟು ಹಿಡಿದವರಿಗೆ ಮುಂದಿನ ಮೂರು ವರ್ಷ ಆಸ್ಪತ್ರೆಯೇ ಮನೆ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್, ಎಲ್ಲಿಗೇ ಹೋದರೂ ನಡುರಾತ್ರಿ ಎಮರ್ಜೆನ್ಸಿಯಲ್ಲಿ ಮೊದಲು ಎದುರಾಗುವುದು ಈ ‘ಪಿಜಿ ಡಾಕ್ಟ್ರು’. ದೇಹ ಕೊಯ್ದು ಹೊಲಿಯುವ ಕೈಚಳಕ ಕಲಿಯಲು ಅವರು ಬಂದಿದ್ದಾರೆ ಎಂದು ಹೊರಗಿನವರು ಭಾವಿಸುತ್ತಾರೆ. ಕೈ ಪಳಗಿಸುವುದು ಈ ತರಬೇತಿಯ ಸುಲಭದ ಭಾಗ. ಯಾರಿಗೆ ಆಪರೇಷನ್ ಬೇಕು, ಯಾವಾಗ ಬೇಕು, ಯಾರಿಗೆ ಬೇಡ ಎಂಬ ತೀರ್ಮಾನದ ಹೊಣೆಯನ್ನು ಹಂತಹಂತವಾಗಿ ಹೊರಲು ಕಲಿಸುವುದೇ ಇದರ ತಿರುಳು. ಆ ಕಲಿಕೆಗೆ ನಿದ್ದೆಗೆಡುವುದು ಅನಿವಾರ್ಯ ಎಂಬ ನಂಬಿಕೆಗೆ ಮಾತ್ರ ಆಧಾರ ತೀರಾ ತೆಳು.

ಯೂನಿಟ್ಟಿನ ಅಡ್ಮಿಷನ್ ದಿನ ಹೊಟ್ಟೆನೋವೆಂದು ಬಂದ ಒಬ್ಬ ಹುಡುಗನನ್ನೇ ತೆಗೆದುಕೊಳ್ಳಿ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆಯ ಕಿಬ್ಬೊಟ್ಟೆಗೆ ಇಳಿದಿದೆ. ಸಣ್ಣ ಜ್ವರ, ಎರಡು ಸಲ ವಾಂತಿ. ಅಪೆಂಡಿಕ್ಸ್ ಇರಬಹುದು, ಇಲ್ಲದಿರಲೂಬಹುದು. ಸ್ಕ್ಯಾನಿಂಗ್‌ನಲ್ಲಿ ಸ್ಪಷ್ಟವಾಗಿ ಕಾಣದೆ ಹೋಗುವುದೂ ಉಂಟು. ಆಗ ಪಿಜಿ ಕೆಲವು ಗಂಟೆಗೊಮ್ಮೆ ಹೋಗಿ ಅದೇ ಹೊಟ್ಟೆಯನ್ನು ಮತ್ತೆ ಮುಟ್ಟಿ ನೋಡಬೇಕು. ಮೆಲ್ಲಗೆ ಒತ್ತಿ ಥಟ್ಟನೆ ಕೈ ತೆಗೆದಾಗ ಹುಡುಗ ಮುಖ ಕಿವುಚುತ್ತಾನೆಯೇ? ಸ್ನಾಯು ತಾನಾಗಿ ಬಿಗಿಯುತ್ತಿದೆಯೇ? ನಾಡಿ ಏರುತ್ತಿದೆಯೇ? ಸಂಜೆ ಮೆತ್ತಗಿದ್ದ ಹೊಟ್ಟೆ ರಾತ್ರಿ ಹಲಗೆಯಂತಾದರೆ ಇನ್ನು ಕಾಯುವಂತಿಲ್ಲ. ಈ ವ್ಯತ್ಯಾಸವನ್ನು ಬೆರಳ ತುದಿಯಲ್ಲಿ ಗುರುತಿಸುವುದು ಪುಸ್ತಕದಿಂದ ಬರುವುದಿಲ್ಲ. ಜವಾಬ್ದಾರಿಯೂ ಹೀಗೇ ಬೆಳೆಯುತ್ತದೆ. ಮೊದಲ ವರ್ಷ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್, ಕೀವು ತೆಗೆಯುವುದು, ಓಟಿಯಲ್ಲಿ ರಿಟ್ರ್ಯಾಕ್ಟರ್ ಹಿಡಿದು ನಿಲ್ಲುವುದು, ಕೊನೆಗೆ ಚರ್ಮಕ್ಕೆ ಹೊಲಿಗೆ. ಆಮೇಲೆ ಹರ್ನಿಯಾ, ಅಪೆಂಡಿಕ್ಸ್. ಕೊನೆಯ ವರ್ಷ, ಮೇಜಿನ ಆಚೆ ಬದಿಯಲ್ಲಿ ಸೀನಿಯರ್ ನಿಂತಿರುವಾಗ, ತೂತಾದ ಕರುಳನ್ನು ಮುಚ್ಚುವ ಆಪರೇಷನ್.

ಈ ಏಣಿಗೆ ಅಮೆರಿಕದಲ್ಲಿ ರೂಪ ಕೊಟ್ಟವರು ವಿಲಿಯಂ ಹಾಲ್‌ಸ್ಟೆಡ್. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ಬಾಗಿಲು ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಜರ್ಮನಿಯ ಪದ್ಧತಿಯನ್ನು ನೋಡಿ ಬಂದಿದ್ದ ಅವರು ಶಿಷ್ಯರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ವರ್ಷಗಟ್ಟಲೆ ತಯಾರು ಮಾಡಿದರು. ಅವರಿಂದ ನಮಗೆ ಎರಡು ಬಳುವಳಿ ಬಂದಿವೆ: ಮೆಟ್ಟಿಲು ಮೆಟ್ಟಿಲಾಗಿ ಹೊಣೆ ಒಪ್ಪಿಸುವ ಕ್ರಮ, ಇಡೀ ಬದುಕನ್ನೇ ವಾರ್ಡಿಗೆ ಕೊಡಬೇಕೆಂಬ ನಿರೀಕ್ಷೆ. ಎರಡೂ ಒಟ್ಟಿಗೆ ಬಂದವು ಎಂದ ಮಾತ್ರಕ್ಕೆ ಒಂದಿಲ್ಲದೆ ಇನ್ನೊಂದು ನಿಲ್ಲದು ಎಂದೇನಿಲ್ಲ.

ಹಿರಿಯ ಸರ್ಜನ್ನರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಡ್ಯೂಟಿಯ ಗಂಟೆ ಕಡಿಮೆಯಾದರೆ ನೋಡುವ ಕೇಸುಗಳೂ ಕಡಿಮೆ. ಸಂಜೆ ಹೊಟ್ಟೆ ಮುಟ್ಟಿದವರು ಮನೆಗೆ ಹೋದರೆ ಬದಲಾವಣೆ ಗೊತ್ತಾಗುವುದು ಯಾರಿಗೆ, ಎನ್ನುತ್ತಾರೆ ಅವರು. ಈ ಮಾತಿಗೆ ಸ್ವಲ್ಪ ಪುರಾವೆಯೂ ಇದೆ. ಅಮೆರಿಕದಲ್ಲಿ 2003ರಿಂದ ರೆಸಿಡೆಂಟರ, ಅಂದರೆ ತರಬೇತಿಯಲ್ಲಿರುವ ವೈದ್ಯರ, ಕೆಲಸಕ್ಕೆ ವಾರಕ್ಕೆ 80 ಗಂಟೆಯ ಮಿತಿ ಇದೆ. ಅಲ್ಲಿನ 117 ಜನರಲ್ ಸರ್ಜರಿ ತರಬೇತಿ ಕೇಂದ್ರಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೊಂದು ಪಾಳಿ ಇಷ್ಟೇ ಹೊತ್ತು ಎಂಬ ಕಟ್ಟುಪಾಡು ಸಡಿಲಿಸಿದಾಗ ರೋಗಿಗಳಿಗೆ ಹೆಚ್ಚಿನ ಹಾನಿ ಕಂಡುಬರಲಿಲ್ಲ. ರೋಗಿಯನ್ನು ಕೊನೆತನಕ ನೋಡಿಕೊಳ್ಳಲಾಗುತ್ತಿಲ್ಲವೆಂಬ ರೆಸಿಡೆಂಟರ ಅತೃಪ್ತಿಯೂ ತಗ್ಗಿತು. ಆದರೆ ಆ ಅಧ್ಯಯನದ ಎರಡೂ ಗುಂಪಿಗೆ 80 ಗಂಟೆಯ ಮಿತಿ ಇದ್ದೇ ಇತ್ತು. ಮಿತಿಯೊಳಗಿನ ಸಡಿಲಿಕೆಗೆ ಸಿಕ್ಕ ಸಮರ್ಥನೆಯನ್ನು ಮಿತಿಯೇ ಇಲ್ಲದ ದುಡಿಮೆಗೆ ಹಚ್ಚಲಾಗದು. ನಮ್ಮಲ್ಲಿ ಒಂದೇ ಸಮ 12 ಗಂಟೆ ಮೀರಿ ದುಡಿಸಬಾರದೆಂಬ ಕೇಂದ್ರದ ನಿರ್ದೇಶನ 1992ರಿಂದಲೇ ಇದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಯ ಮಿತಿ, ಒಂದು ದಿನದ ರಜೆ ಶಿಫಾರಸು ಮಾಡಿತು. ಜೊತೆಗೆ, ಪಿಜಿಯ ರಾತ್ರಿಯೆಲ್ಲ ಹೊಟ್ಟೆ ಮುಟ್ಟುವುದರಲ್ಲೇ ಕಳೆಯುವುದಿಲ್ಲ. ರಕ್ತದ ಬಾಟಲಿಗೆ ಓಡುವುದು, ರಿಪೋರ್ಟ್ ತರುವುದು, ಸ್ಟ್ರೆಚರ್ ತಳ್ಳುವುದು ಸಿಬ್ಬಂದಿ ಕೊರತೆಯ ಕೆಲಸ. ಅದನ್ನು ತಪಸ್ಸೆಂದು ಹೊಗಳುವುದು ಅನ್ಯಾಯ. ಆ ಕೆಲಸಕ್ಕೆ ಜನ ನೇಮಿಸಿದರೆ, ಕಲಿಕೆಯ ಒಂದು ನಿಮಿಷವನ್ನೂ ಕತ್ತರಿಸದೆ ಡ್ಯೂಟಿ ಇಳಿಯುತ್ತದೆ.

ಇದಕ್ಕಿಂತ ಕಠಿಣ ಪ್ರಶ್ನೆ ರೋಗಿಯ ಕಡೆಯಿಂದ ಬರುತ್ತದೆ: ಕಲಿಯುವವರ ಕೈಗೆ ಬಡವರ ಮೈಯೇ ಯಾಕೆ ಸಿಗಬೇಕು? ಎಲ್ಲ ಸರ್ಜನ್ನರೂ ಯಾರದೋ ಮೇಲೆ ಮೊದಲ ಆಪರೇಷನ್ ಮಾಡಿದವರೇ ಎಂಬ ಉತ್ತರ ಸತ್ಯವಾದರೂ ಸಾಲದು. ಮೊದಲ ತಪ್ಪುಗಳು ಮನುಷ್ಯರ ಮೇಲೆ ಆಗದಂತೆ ನೋಡಿಕೊಳ್ಳುವ ದಾರಿಗಳಿವೆ. ಯೇಲ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ, 16 ರೆಸಿಡೆಂಟರ ಸಣ್ಣ ಪ್ರಯೋಗದಲ್ಲಿ, ಕಂಪ್ಯೂಟರ್ ಸಿಮ್ಯುಲೇಟರ್ ಮೇಲೆ ಮೊದಲು ಪಳಗಿದವರು ಪಿತ್ತಕೋಶ ಬಿಡಿಸುವ ಕೆಲಸವನ್ನು 29% ಬೇಗ ಮುಗಿಸಿದರು. ಹಾಗೆ ಪಳಗದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಪಕ್ಕದ ಭಾಗ ಸುಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ಗಂಟು ಹಾಕುವುದನ್ನಂತೂ ಮಂಚದ ಕಂಬಿಗೆ ದಾರ ಕಟ್ಟಿಯೇ ಕಲಿಯಬಹುದು. ಇಷ್ಟಾದ ಮೇಲೂ ಒಂದು ದಿನ ಜೀವಂತ ದೇಹದ ಮೇಲೆ ಕೈ ಇಡಲೇಬೇಕು. ಆಗ ಸೀನಿಯರ್ ಫೋನಿನಲ್ಲಿ ಸಿಕ್ಕರೆ ಸಾಲದು, ಕೈಗೆ ಗ್ಲೌಸ್ ಹಾಕಿ ಓಟಿಯಲ್ಲೇ ಇರಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಆಪರೇಷನ್ ಮಾಡುವವರು ಯಾರು, ಜೊತೆಗೆ ನಿಲ್ಲುವವರು ಯಾರು ಎಂದು ರೋಗಿಗೂ ಮನೆಯವರಿಗೂ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಪಿಜಿಯ ಲಾಗ್‌ಬುಕ್ಕಿನಲ್ಲಿ ಎಷ್ಟು ಕೇಸ್ ಆಯಿತು ಎಂಬುದರ ಪಕ್ಕದಲ್ಲೇ ಪ್ರತಿ ಕೇಸಿಗೂ ಎದುರು ನಿಂತಿದ್ದ ಸೀನಿಯರ್‌ ಸಹಿ ಇರಬೇಕು, ಆವತ್ತಿನ ತಾರೀಖು, ಹೊತ್ತಿನ ಸಮೇತ.