ಅಜ್ಜಿಯ ಕಣ್ಣು ಮತ್ತು ಲೇಸರ್ ಕಿರಣ

ನಾನು ಕಲಾ ವಿಭಾಗದ ವಿದ್ಯಾರ್ಥಿ. ವೈದ್ಯಶಾಸ್ತ್ರದ ಮಾತನ್ನಾಡಲು ನನಗೆ ಅಧಿಕಾರವಿಲ್ಲವೆಂಬುದನ್ನು ಬಲ್ಲೆ. ಆದರೆ ತಳಕಲ್ಲಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಡಾಕ್ಟರರ ಚೀಟಿ ಓದುವ ಕೆಲಸ ನನ್ನ ಪಾಲಿಗೆ ಬಂದಿತು. ಅಜ್ಜಿಯ ಬಲಗಣ್ಣು ಗ್ಲಾಕೋಮಾದಿಂದ ಎಂದೋ ಹೋಗಿತ್ತು. ಎಡಗಣ್ಣಿಗೆ ಎಂಟು ವರ್ಷ ಹನಿ ಔಷಧ ಹಾಕಿದ್ದಾಯಿತು. ಒತ್ತಡ ಇಳಿಯದಿದ್ದಾಗ ಲೇಸರ್ ಚಿಕಿತ್ಸೆಗೆ ಅವಳನ್ನು ಒಪ್ಪಿಸಿದವನು ನಾನು. ವರ್ಷದ ಮೇಲೆ ಆಪರೇಷನ್ನೂ ಬೇಕಾಯಿತು. ತಿಂಗಳೊಳಗೆ ಆ ಗಾಯ ಗಟ್ಟಿಯಾಗಿ ಮಾಯ್ದು, ಒತ್ತಡ ಮತ್ತೆ ಏರಿತು. “ಆ ಬೆಳಕು ಹೊಡಿಸಿದ್ದಕ್ಕ ಹಿಂಗಾತು ನೋಡು,” ಎಂದು ಸೋದರತ್ತೆ ಮುಖದ ಮೇಲೆಯೇ ಅಂದಳು. ಆ ಮಾತು ನಿಜವೇ ಎಂದು ಓದಿ, ಕೇಳಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಕಣ್ಣಿನೊಳಗೆ ಸದಾ ಒಂದು ತಿಳಿನೀರು ಹುಟ್ಟುತ್ತಿರುತ್ತದೆ. ಇದು ಕಣ್ಣೀರಲ್ಲ. ಕರಿಗುಡ್ಡೆಯ ಅಂಚಿನಲ್ಲಿರುವ ಜರಡಿಯಂಥ ಜಾಲದ ಮೂಲಕ ಹರಿದು ಅದು ರಕ್ತವನ್ನು ಸೇರುತ್ತದೆ. ಅಜ್ಜಿಗಿದ್ದ ಬಗೆಯ ಗ್ಲಾಕೋಮಾದಲ್ಲಿ ಆ ಜಾಲ ಸರಿಯಾಗಿ ನೀರು ಬಿಡುವುದಿಲ್ಲ. ಒತ್ತಡ ಹೆಚ್ಚಿ ದೃಷ್ಟಿನರ ಸಾಯುತ್ತ ಬರುತ್ತದೆ. ಡಾ. ಎಂ. ಸಿ. ಮೋದಿಯವರ ಶಿಬಿರಗಳ ಕತೆ ಕೇಳಿದ ನಮ್ಮ ಕಡೆಯ ಹಿರಿಯರು ಇದನ್ನೂ ಪೊರೆಯಂತೆಯೇ ಭಾವಿಸುತ್ತಾರೆ. ಪೊರೆ ತೆಗೆದರೆ ನೋಟ ಮರಳುತ್ತದೆ. ಸತ್ತ ನರ ಮರಳುವುದಿಲ್ಲ.

1968ರಲ್ಲಿ ಕೇಂಬ್ರಿಜ್ಜಿನ ಕೇರ್ನ್ಸ್ ಎಂಬ ವೈದ್ಯರು ವಿವರಿಸಿದ ಟ್ರಾಬೆಕ್ಯುಲೆಕ್ಟಮಿ ಎಂಬ ಆಪರೇಷನ್ ಇಂದಿಗೂ ನಡೆಯುತ್ತಿದೆ. ಮೇಲಿನ ರೆಪ್ಪೆಯ ಅಡಿ, ಕಣ್ಣಿನ ಬಿಳಿಭಾಗದಲ್ಲಿ ನೀರಿಗೆ ಹೊಸ ದಾರಿ ಮಾಡುತ್ತಾರೆ. ನೀರು ಅಲ್ಲಿಯ ತೆಳುಪೊರೆಯ ಕೆಳಗೆ ಸಣ್ಣ ಗುಳ್ಳೆಯಾಗಿ ನಿಂತು ಇಂಗುತ್ತದೆ. ಎಲ್ಲ ಗಾಯಗಳೂ ಬೇಗ ಮಾಯಲೆಂದು ನಾವು ಹಾರೈಸುತ್ತೇವೆ; ಈ ಗಾಯ ಮಾತ್ರ ಪೂರ್ತಿ ಮಾಯಬಾರದು! ಎರೆಹೊಲದ ಬದುವಿನಲ್ಲಿ ಕಡಿದ ದಾರಿ ಹೂಳಿನಿಂದ ಮುಚ್ಚುವಂತೆ, ದೇಹವೇ ನಾರು ಬೆಳೆಸಿ ಆ ದಾರಿಯನ್ನು ಮುಚ್ಚುತ್ತದೆ. ಅದನ್ನು ತಡೆಯಲು ಮೈಟೋಮೈಸಿನ್ ಎಂಬ ಔಷಧವನ್ನು ಆಪರೇಷನ್ ಕಾಲದಲ್ಲಿ ಹಚ್ಚುವುದುಂಟು.

ಇನ್ನು ಲೇಸರಿನ ಮಾತು. 1979ರಲ್ಲಿ ವೈಸ್ ಮತ್ತು ವಿಟ್ಟರ್ ಪ್ರಕಟಿಸಿದ ಆರ್ಗಾನ್ ಲೇಸರ್ ವಿಧಾನವು ಜಾಲದ ಮೇಲೆ ಸಣ್ಣ ಸುಟ್ಟ ಗುರುತುಗಳನ್ನು ಮಾಡುತ್ತಿತ್ತು. ಅದನ್ನು ಮಾಡಿಸಿಕೊಂಡ ಕಣ್ಣುಗಳಲ್ಲಿ, ಮುಂದೆ ಆಪರೇಷನ್ನಾದಾಗ ಗುಳ್ಳೆಯ ಸುತ್ತ ದಪ್ಪ ಗೋಡೆ ಕಟ್ಟುವುದು ಹೆಚ್ಚೆಂದು 1988-89ರ ಅಮೆರಿಕದ ಅಧ್ಯಯನಗಳು ಹೇಳಿದವು. ಆದ್ದರಿಂದ ಅತ್ತೆಯ ಮಾತನ್ನು ಬುಡವಿಲ್ಲದ್ದೆಂದು ತಳ್ಳಿಹಾಕಲಾರೆ. ಆದರೆ ಅಜ್ಜಿಗೆ ಮಾಡಿದ್ದು 1995ರಲ್ಲಿ ಲಟೀನಾ ಮತ್ತು ಪಾರ್ಕ್ ತೋರಿಸಿಕೊಟ್ಟ ಬೇರೊಂದು ಲೇಸರ್. ಅದರ ಒಂದೊಂದು ಮಿಂಚೂ ಸೆಕೆಂಡಿನ ನೂರು ಕೋಟಿಯಲ್ಲಿ ಮೂರು ಪಾಲಿನಷ್ಟೇ ಹೊತ್ತು ಇರುವುದರಿಂದ ಜಾಲ ಸುಡುವುದಿಲ್ಲ. ಅಲ್ಲದೆ ಅದರ ಗುರಿ ಒಳಗಿನ ಜಾಲ. ನಾರು ಬೆಳೆಯುವುದು ಹೊರಗಿನ ತೆಳುಪೊರೆಯ ಅಡಿಯಲ್ಲಿ.

ಆ ತೆಳುಪೊರೆಯ ಮೇಲೆ ದಿನವೂ ಬಿದ್ದದ್ದು ಹನಿ ಔಷಧ. ಔಷಧ ಕೆಡದಂತೆ ಅನೇಕ ಹನಿಗಳಲ್ಲಿ ಸೇರಿಸುವ ಬೆಂಜಾಲ್ಕೋನಿಯಮ್ ಕ್ಲೋರೈಡ್ ಪೊರೆಯನ್ನು ಕೆರಳಿಸುತ್ತದೆ. ಬಹುಕಾಲ ಹಲವು ಬಗೆಯ ಹನಿ ಹಾಕಿದ ಕಣ್ಣುಗಳಲ್ಲಿ ಆಪರೇಷನ್ ವಿಫಲವಾಗುವುದು ಹೆಚ್ಚೆಂದು 1994ರಲ್ಲಿಯೇ ಲಂಡನ್ನಿನ ವೈದ್ಯರು ಬರೆದಿದ್ದರು. (ಇದನ್ನೋದಿ ಯಾರೂ ಹನಿ ನಿಲ್ಲಿಸಬಾರದು, ನಿಲ್ಲಿಸಿದರೆ ಕಣ್ಣೇ ಹೋದೀತು.) ಯು.ಕೆ.ಯಲ್ಲಿ 718 ಹೊಸ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ವರ್ಷದೊಳಗೆ ಮೊದಲು ಹನಿ ಪಡೆದವರ ಪೈಕಿ 11 ಕಣ್ಣುಗಳಿಗೆ ಆಪರೇಷನ್ ಬೇಕಾಯಿತು, ಮೊದಲು ಲೇಸರ್ ಪಡೆದವರಲ್ಲಿ ಒಂದಕ್ಕೂ ಬೇಕಾಗಲಿಲ್ಲ. ಆದರೆ ಅವರು ಹೊಸ ರೋಗಿಗಳು. ನಮ್ಮ ಅಜ್ಜಿಗೆ ಲೇಸರ್ ಆಗುವ ಹೊತ್ತಿಗೆ ಎಂಟು ವರ್ಷದ ಹನಿ ಮುಗಿದಿತ್ತು.

ಡಾಕ್ಟರರು ಸೂಜಿಯಿಂದ ಆ ನಾರನ್ನು ಬಿಡಿಸಿ ಇಂಜೆಕ್ಷನ್ ಕೊಟ್ಟರು. ಒತ್ತಡ ಇಳಿದಿದೆ, ಅಜ್ಜಿ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಾಳೆ. ಈ ರೋಗ ತಾಯಿಗಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಅಪ್ಪನ ಕಣ್ಣು ತೋರಿಸಿದ್ದಾಗಿದೆ. ಅತ್ತೆ ಇನ್ನೂ ಒಪ್ಪಿಲ್ಲ. ನನ್ನ ಪರೀಕ್ಷೆ ಮುಗಿದೊಡನೆ ಅವಳನ್ನು ಹೇಗಾದರೂ ಮಾಡಿ ಹುಬ್ಬಳ್ಳಿಯ ರೈಲು ಹತ್ತಿಸಬೇಕಾಗಿದೆ.