ಸಂತೆ ದಿನದ ಲೆಕ್ಕ

ನಮ್ಮ ತರಗತಿಯ ಹಾಜರಾತಿಯನ್ನು ದಿನಾ ಬೆಳಿಗ್ಗೆ ಕಪ್ಪು ಹಲಗೆಯ ಮೂಲೆಯಲ್ಲಿ ಬರೆಯುವ ಕೆಲಸ ನನ್ನದು. ಒಟ್ಟು ಎಷ್ಟು, ಹಾಜರು ಎಷ್ಟು, ಗೈರು ಎಷ್ಟು ಅಂತ ಬರೆದು, ಅಡುಗೆ ಮನೆಗೂ ಹೇಳಿ ಬರುತ್ತೇನೆ. ಬಿಸಿಯೂಟಕ್ಕೆ ಅಕ್ಕಿ ಅಳೆಯುವುದು ಆ ಲೆಕ್ಕದ ಮೇಲೆ. 5ನೇ ತರಗತಿವರೆಗೆ ತಲೆಗೆ 100 ಗ್ರಾಂ, ಅದರ ಮೇಲಿನವರಿಗೆ 150 ಗ್ರಾಂ. ಹೀಗಾಗಿ ಯಾವ ದಿನ ಯಾರು ಬರಲ್ಲ ಅನ್ನೋದು ನನಗೆ ಬಾಯಿಪಾಠ.

ಜ್ವರ ಬಂದು ಗೈರಾಗುವವರು ಕಡಿಮೆ. ಸಂತೆ, ರಾಗಿ ಕುಯ್ಲು, ನೆಂಟರ ಮನೆ ಹಬ್ಬ, ಇವೇ ಜಾಸ್ತಿ. ಕೇಳಿದರೆ ಮನೆಯವರು "ಒಂದು ದಿನ ತಾನೇ, ಏನಾಗ್ತದೆ ಬಿಡು" ಅಂತಾರೆ. ಆ ಒಂದು ದಿನದ ಲೆಕ್ಕವನ್ನು ನಾನು ಮಾಡಿ ನೋಡಿದೆ.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವರ್ಷಕ್ಕೆ ಕನಿಷ್ಠ 1ರಿಂದ 5ನೇ ತರಗತಿಗೆ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕು. ವಾರಕ್ಕೆ 6 ದಿನ ಅಂತ ಭಾಗಿಸಿದರೆ 33 ವಾರ, 36 ವಾರ ಬರುತ್ತದೆ. ವಾರಕ್ಕೊಂದು ಸಂತೆ ದಿನ ತಪ್ಪಿಸಿದ ಹುಡುಗ ಮೊದಲ ಐದು ವರ್ಷದಲ್ಲಿ 165 ದಿನ, ಆರು ಮತ್ತು ಏಳರಲ್ಲಿ 72 ದಿನ, ಒಟ್ಟು 237 ದಿನ ಕಳೆದುಕೊಂಡ. ಅಂದರೆ ಏಳನೇ ತರಗತಿ ಮುಗಿಸುವ ಹೊತ್ತಿಗೆ ಒಂದು ಪೂರ್ತಿ ವರ್ಷ ಅವನು ಶಾಲೆಗೇ ಬಂದಿಲ್ಲ! ಒಂದು ವರ್ಷ ಶಾಲೆ ಬಿಡಿಸ್ತೀವಿ ಅಂದರೆ ಯಾವ ಅಪ್ಪ ಅವ್ವನೂ ಒಪ್ಪಲ್ಲ.

ಬಿಟ್ಟ ದಿನದ ಪಾಠ ಮಾರನೇ ದಿನ ಸಿಗಲ್ಲ. ಗಣಿತದಲ್ಲಂತೂ ಸೋಮವಾರ ಲ.ಸಾ.ಅ. ಹೇಳಿಕೊಟ್ಟರೆ ಮಂಗಳವಾರ ಅದರಿಂದಲೇ ಭಿನ್ನರಾಶಿ ಕೂಡುವುದು. 1/2ಕ್ಕೆ 1/3 ಕೂಡು ಅಂದರೆ, ಎರಡರ ಛೇದವನ್ನೂ 6 ಮಾಡಿಕೊಂಡವನಿಗೆ 5/6 ಬರುತ್ತೆ. ಸೋಮವಾರ ಬಾರದವನು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಅಂತ ಬರೀತಾನೆ. ಅವನೇನು ದಡ್ಡನಲ್ಲ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ಅವನಷ್ಟು ಬೇಗ ಹೇಳೋಕೆ ನನಗೂ ಆಗಲ್ಲ. ಆದರೆ ನಾಲ್ಕು ಸಲ ತಪ್ಪಾಗಿ ಎಲ್ಲರೂ ನಕ್ಕರೆ ಕೈ ಎತ್ತೋಕೆ ನಾಚಿಕೆ. ಆಮೇಲೆ ಸಂತೆ ಇಲ್ಲದ ದಿನವೂ ಹೊಟ್ಟೆನೋವು ಬರುತ್ತೆ.

ಹುಡುಗಿಯರ ಗೈರಿಗೆ ಕಾರಣ ಬೇರೆ. ಅವ್ವ ಕೂಲಿಗೆ ಹೋದರೆ ಕೂಸನ್ನು ಎತ್ಕೊಳ್ಳೋದು ಅಕ್ಕನ ಕೆಲಸ. ಕೂಸಿಗೆ 3 ವರ್ಷ ತುಂಬಿದ್ದರೆ ಅಂಗನವಾಡಿಗೆ ಬಿಡಬಹುದು, ಅಲ್ಲಿ ಊಟವೂ ಉಂಟು. ಇನ್ನೂ ಚಿಕ್ಕದಾದರೆ ಕಷ್ಟವೇ, ಗೊತ್ತು. ಆದರೂ ಅಜ್ಜಿಯನ್ನೋ ಪಕ್ಕದ ಮನೆಯವರನ್ನೋ ಕೇಳುವ ಮೊದಲೇ ಅಕ್ಕನ ಬ್ಯಾಗು ಮೊಳೆಗೆ ಏರಿರುತ್ತೆ. ಅಣ್ಣನ ಬ್ಯಾಗು ಏರಿದ್ದನ್ನು ನಾನು ನೋಡಿಲ್ಲ.

ಶಾಲೆಗೆ ಸೇರಿಸಿದರೆ ತಮ್ಮ ಕೆಲಸ ಮುಗೀತು ಅಂತ ಕೆಲವು ಪೋಷಕರು ತಿಳಿದಿದ್ದಾರೆ. ದಾಖಲಾತಿ ಬೇರೆ, ಹಾಜರಾತಿ ಬೇರೆ. 2002ರ 86ನೇ ತಿದ್ದುಪಡಿಯಿಂದ ಸಂವಿಧಾನದ 51ಎ ವಿಧಿಯಲ್ಲಿ, 6ರಿಂದ 14 ವರ್ಷದ ಮಗುವಿಗೆ ಓದುವ ಅವಕಾಶ ಕೊಡುವುದು ತಂದೆತಾಯಿಯ ಮೂಲಭೂತ ಕರ್ತವ್ಯ ಅಂತ ಸೇರಿದೆ. ಹೆಸರು ಬರೆಸಿ ಮನೆಯಲ್ಲೇ ಉಳಿಸಿಕೊಂಡರೆ ಅವಕಾಶ ಕೊಟ್ಟಂತೆ ಹೇಗಾಗುತ್ತೆ?

ಪೋಷಕರೇ, ಸಂತೆ ಚೀಲ ಹೊರೋಕೆ ಮಕ್ಕಳು ಬೇಕೇ ಬೇಕಾದರೆ ಶಾಲೆ ಬಿಟ್ಟ ಮೇಲೆ ಕರೆದುಕೊಂಡು ಹೋಗಿ. ನಿಜವಾಗಿ ಜ್ವರ ಬಂದರೆ ರಜಾ ಚೀಟಿ ಕಳಿಸಿ. ಬರೆಯಲು ಬಾರದಿದ್ದರೆ ಪಕ್ಕದ ಮನೆ ಮಕ್ಕಳ ಕೈಲಿ ಹೇಳಿ ಕಳಿಸಿದರೂ ಸಾಕು. ಬಿಟ್ಟ ದಿನದ ನೋಟ್ಸ್ ನಾನು ಕೊಡ್ತೀನಿ, ಆದರೆ ಎರಡು ದಿನದಲ್ಲಿ ವಾಪಸ್ ಬರಬೇಕು. ದಸರಾ ರಜೆಗೆ ಮುಂಚೆ ಕೊಟ್ಟ ಸಮಾಜ ವಿಜ್ಞಾನದ ನೋಟ್ಸ್ ಇನ್ನೂ ಬಂದಿಲ್ಲ.

– ಏಳನೇ ತರಗತಿ ವಿದ್ಯಾರ್ಥಿನಿ